ಮೂರು ದಿನದ ಮಾತ್ರೆ

ಡಬ್ಲಿನ್‌ನ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪು, ವಿಟಮಿನ್ನು, ಬಿಸಿಲಿನ ಕ್ರೀಮು ಎಲ್ಲವೂ ಕೈಗೆಟಕುವ ಹಾಗೆ ಜೋಡಿಸಿರುತ್ತಾರೆ. ಸಾಲ್ಪಡೀನ್ ಮಾತ್ರ ಕಣ್ಣಿಗೇ ಬೀಳುವುದಿಲ್ಲ. ಅದನ್ನು ಬಾಯಿಬಿಟ್ಟು ಕೇಳಬೇಕು. ಕೇಳಿದ ಮೇಲೆ ಒಳಗಿನಿಂದ ಫಾರ್ಮಸಿಸ್ಟ್ ಬರುತ್ತಾರೆ. ಯಾರಿಗೆ? ನೋವು ಎಲ್ಲಿ? ಬರೀ ಪ್ಯಾರಾಸಿಟಮಾಲ್ ತೆಗೆದುಕೊಂಡು ನೋಡಿದಿರಾ? ಮೊದಲೂ ಇದನ್ನು ನುಂಗಿದ್ದುಂಟಾ? ಒಂದು ಮಾತ್ರೆಯಲ್ಲಿರುವುದು 500 ಮಿಲಿಗ್ರಾಂ ಪ್ಯಾರಾಸಿಟಮಾಲ್, ಒಂದಿಷ್ಟು ಕೆಫೀನ್, 8 ಮಿಲಿಗ್ರಾಂ ಕೊಡೀನ್. ಇಷ್ಟೆಲ್ಲ ವಿಚಾರಣೆ ಆ ಎಂಟು ಮಿಲಿಗ್ರಾಂಗಾಗಿ. ಕೊನೆಗೆ ಡಬ್ಬಿ ಕೈಗೆ ಬರುವಾಗ ಒಂದು ಮಾತೂ ಜೊತೆಗೆ ಬರುತ್ತದೆ: ಮೂರು ದಿನ, ಅದಕ್ಕಿಂತ ಹೆಚ್ಚು ಬೇಡ.

ಈ ಮೂರು ದಿನದ ಲೆಕ್ಕ ಐರ್ಲೆಂಡಿನಲ್ಲಿ ಗಾಯಗೊಂಡ ಕೆಲಸಗಾರನಿಗೆ ಇನ್ನೆರಡು ಕಡೆ ಎದುರಾಗುತ್ತದೆ. ಕೆಲಸದಲ್ಲಿ ಪೆಟ್ಟು ಬಿದ್ದು ಮೂರು ದಿನಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಮಾಲೀಕರು ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರಕ್ಕೆ ವರದಿ ಕೊಡಬೇಕು. ಸರ್ಕಾರ ಕೊಡುವ ಗಾಯದ ಭತ್ಯೆ ಶುರುವಾಗುವುದು ನಾಲ್ಕನೆಯ ದಿನದಿಂದ. ಒಂದು ನಿಯಮಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ಇದು ಕಾಕತಾಳೀಯ. ಆದರೂ ಮಾಂಸದ ಕಾರ್ಖಾನೆಯಲ್ಲಿ ತೊಡೆಭಾಗ ಎತ್ತುವಾಗ ಸೊಂಟ ಹಿಡಿದುಕೊಂಡವನ ಕಡೆಯಿಂದ ನೋಡಿ: ಅವನ ನೋವು ಸರ್ಕಾರದ ಕಡತ ಸೇರುವ ಹೊತ್ತಿಗೆ ಅಂಗಡಿಯ ಮಾತ್ರೆಯ ಗಡುವು ಮುಗಿದಿರುತ್ತದೆ. ಅಲ್ಲಿಂದ ಮುಂದೆ ಅವನನ್ನು ನೋಡಿಕೊಳ್ಳುವವರು ಯಾರು? ಐರ್ಲೆಂಡಿನ ನೋವು ನಿವಾರಕಗಳ ಕಾನೂನುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಪ್ರತಿಯೊಂದನ್ನೂ ಬರೆಯುವಾಗ ಕಣ್ಣೆದುರು ಇದ್ದವನು ಬೇರೆ ಯಾರೋ. ಹೆರಾಯಿನ್ ಹುಡುಗ, ಆತ್ಮಹತ್ಯೆಗೆ ಯತ್ನಿಸಿದವಳು, ಅಮಲಿನಲ್ಲಿ ಕಾರು ಓಡಿಸಿದವನು. ಸೊಂಟ ಹಿಡಿದುಕೊಂಡವನು ಯಾರ ಕಣ್ಣೆದುರೂ ಇರಲಿಲ್ಲ.

ಮೊದಲು ದುಡ್ಡಿನ ಕತೆ. 1897ರ ಬ್ರಿಟಿಷ್ ಕಾಯ್ದೆಯ ಕಾಲದಿಂದ ಕೆಲಸಗಾರನ ಗಾಯಕ್ಕೆ ಮಾಲೀಕನೇ ಹೊಣೆ, ಅವನ ಬೆನ್ನಿಗೆ ವಿಮಾ ಕಂಪನಿ. ಐರ್ಲೆಂಡ್ ಸ್ವತಂತ್ರವಾದ ಮೇಲೂ 1934ರ ಕಾಯ್ದೆ ಇದೇ ದಾರಿ ಹಿಡಿಯಿತು. 1966ರಲ್ಲಿ ಸಂಸತ್ತು ಆ ದಾರಿ ಬಿಟ್ಟು, ಔದ್ಯೋಗಿಕ ಗಾಯಗಳನ್ನು ಸಾಮಾಜಿಕ ವಿಮೆಯೊಳಗೆ ತಂದಿತು. 1967ರ ಮೇ ತಿಂಗಳಿಂದ ಗಾಯದ ಭತ್ಯೆ ಕೊಡುವುದು ಸರ್ಕಾರದ ಕೆಲಸವಾಯಿತು. ಈಗ ಅದು 26 ವಾರಗಳವರೆಗೆ ಸಿಗುತ್ತದೆ. ನಮ್ಮ ಇ.ಎಸ್.ಐ. ಬಲ್ಲವರಿಗೆ ಇದು ಹೊಸತೇನಲ್ಲ. ಆದರೆ ಇದರ ಒಂದು ಪರಿಣಾಮ ಯಾರ ಗಮನಕ್ಕೂ ಅಷ್ಟಾಗಿ ಬಂದಿಲ್ಲ. ಕೆಲಸಗಾರ ದಿನಾ ಏನು ನುಂಗುತ್ತಾನೆ ಎಂದು ಕೇಳಲು ಹಣದ ಕಾರಣವಿದ್ದ ವಿಮಾ ಕಂಪನಿ ಜಾಗ ಖಾಲಿ ಮಾಡಿತು.

ಅಮೆರಿಕದಲ್ಲಿ ಹಾಗಾಗಲಿಲ್ಲ. ಅಲ್ಲಿ ಗಾಯಗೊಂಡವನ ಮಾತ್ರೆಗೆ ಇಂದಿಗೂ ದುಡ್ಡು ಕೊಡುವುದು ಪರಿಹಾರ ವಿಮೆಯೇ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಮಾರುಕಟ್ಟೆಗೆ ಬಂದು, ಬೆನ್ನುನೋವಿಗೂ ಓಪಿಯಾಯ್ಡ್ (ಅಫೀಮಿನ ಜಾತಿಯ ಔಷಧಿ) ಬರೆಯುವ ರೂಢಿ ಬೆಳೆದಾಗ ಅದರ ಪೆಟ್ಟನ್ನು ಮೊದಲು ಲೆಕ್ಕ ಹಾಕಿದವರಲ್ಲಿ ವಾಷಿಂಗ್ಟನ್ ರಾಜ್ಯದ ಕಾರ್ಮಿಕ ಇಲಾಖೆಯ ವೈದ್ಯ ಗ್ಯಾರಿ ಫ್ರಾಂಕ್ಲಿನ್ ಒಬ್ಬರು. ಸೊಂಟನೋವೆಂದು ಬಂದ ಕೆಲಸಗಾರರು ಮಾತ್ರೆಯಿಂದಲೇ ಸತ್ತದ್ದನ್ನು ಅವರ ತಂಡ 2005ರಲ್ಲಿ ಪ್ರಕಟಿಸಿತು. ಖಚಿತವಾಗಿ ಅಥವಾ ಬಹುತೇಕ ಓಪಿಯಾಯ್ಡ್‌ನಿಂದಲೇ ಆದ 32 ಸಾವುಗಳು. 2007ರಲ್ಲಿ ಆ ರಾಜ್ಯ ದಿನದ ಪ್ರಮಾಣಕ್ಕೊಂದು ಗೆರೆ ಎಳೆಯಿತು. ದೀರ್ಘಕಾಲ ಓಪಿಯಾಯ್ಡ್ ತೆಗೆದುಕೊಳ್ಳುವವರ ಮೂತ್ರ ಪರೀಕ್ಷೆ ಅಲ್ಲಿನ ಚಿಕಿತ್ಸೆಯ ಭಾಗವೇ ಆಗಿಹೋಯಿತು. ಬರೆದ ಔಷಧಿ ಮೈಯಲ್ಲಿದೆಯೇ, ಬರೆಯದ್ದು ಇಲ್ಲವೇ ಎಂಬ ಎರಡು ಪ್ರಶ್ನೆಗೂ ಒಂದೇ ಸೀಸೆಯಲ್ಲಿ ಉತ್ತರ. ಐರ್ಲೆಂಡಿನ ಸಾಮಾನ್ಯ ವೈದ್ಯರು ಬೆನ್ನುನೋವಿನವನ ಮುಂದೆ ಇಂಥ ಸೀಸೆ ಇಡುವುದು ಅಪರೂಪ.

ಐರ್ಲೆಂಡಿನ ನಿಯಂತ್ರಿತ ಔಷಧಿಗಳ ಕಾನೂನಿಗೆ ಮೂಲ 1977ರ ಮಾದಕ ವಸ್ತು ದುರ್ಬಳಕೆ ಕಾಯ್ದೆ. ಬೇಜವಾಬ್ದಾರಿಯಿಂದ ಚೀಟಿ ಬರೆಯುವ ವೈದ್ಯರ ಮೇಲೆ ವಿಚಾರಣೆ ನಡೆಸಿ, ನಿಯಂತ್ರಿತ ಔಷಧಿ ಬರೆಯದಂತೆ ತಡೆಯುವ ಅಧಿಕಾರವನ್ನು ಅದು ಮಂತ್ರಿಗೆ ಕೊಟ್ಟಿತು. ಅದಾಗಿ ಎರಡು ಮೂರು ವರ್ಷಕ್ಕೆ ಡಬ್ಲಿನ್‌ಗೆ ಹೆರಾಯಿನ್ ನುಗ್ಗಿತು. ನಗರದ ಉತ್ತರದ ಒಳಬಡಾವಣೆಯೊಂದರಲ್ಲಿ 15ರಿಂದ 24 ವಯಸ್ಸಿನವರ ಪೈಕಿ ಶೇ 10ರಷ್ಟು ಮಂದಿ ಹೆರಾಯಿನ್ ಬಳಸುತ್ತಿದ್ದಾರೆಂದು 1983ರ ಸಮೀಕ್ಷೆ ಹೇಳಿದಾಗ ದೇಶ ಬೆಚ್ಚಿತು. 1984ರ ತಿದ್ದುಪಡಿ, 1988ರ ನಿಯಮಾವಳಿ ಎರಡೂ ಆ ಬೆಚ್ಚಿದ ಮನಸ್ಸಿನಲ್ಲೇ ಹುಟ್ಟಿದವು. ಮಾರ್ಫೀನ್, ಆಕ್ಸಿಕೊಡೋನ್‌ನಂಥವುಗಳ ಚೀಟಿಯಲ್ಲಿ ಒಟ್ಟು ಪ್ರಮಾಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. 14 ದಿನ ದಾಟಿದರೆ ಚೀಟಿಗೆ ಬೆಲೆಯಿಲ್ಲ. ಬ್ಯಾಂಕಿನ ಚೆಕ್ಕಿನ ರೀತಿಯೇ ಇದು. ಕಳ್ಳ ಚೀಟಿಯನ್ನು ಇದು ತಡೆಯುತ್ತದೆ. ಸಾಚಾ ವೈದ್ಯರು ಸಾಚಾ ರೋಗಿಗೆ ತಿಂಗಳು ತಿಂಗಳು ಬರೆದುಕೊಟ್ಟು ಅಭ್ಯಾಸ ಹಿಡಿಸುವುದನ್ನು ತಡೆಯುವುದಿಲ್ಲ.

ಹೆರಾಯಿನ್ ವ್ಯಸನಕ್ಕೆ ಚಿಕಿತ್ಸೆಯಾಗಿ ಕೊಡುವ ಮೆಥಡೋನ್‌ಗೆ 1998ರಲ್ಲಿ ಬಂದ ನಿಯಮಗಳು ಇದಕ್ಕಿಂತ ಗಟ್ಟಿ. ಅಲ್ಲಿಯವರೆಗೆ ಒಬ್ಬನೇ ರೋಗಿ ನಾಲ್ಕು ವೈದ್ಯರ ಹತ್ತಿರ ಹೋಗಿ ನಾಲ್ಕು ಚೀಟಿ ತರಬಹುದಿತ್ತು. ಈಗ ಕೇಂದ್ರ ಚಿಕಿತ್ಸಾ ಪಟ್ಟಿಯಲ್ಲಿ ಹೆಸರಿರಬೇಕು. ಒಬ್ಬ ವೈದ್ಯ, ಒಂದು ಅಂಗಡಿ, ಬೇರೆಯದೇ ಚೀಟಿ ಪುಸ್ತಕ. 2017ರಲ್ಲಿ ವ್ಯಸನ ಚಿಕಿತ್ಸೆಯ ಬ್ಯೂಪ್ರೆನಾರ್ಫಿನ್ ಕೂಡ ಇದರೊಳಗೆ ಬಂತು. ಯಾವ ಔಷಧಿ ಯಾರ ಹೊಟ್ಟೆ ಸೇರುತ್ತದೆ ಎಂದು ಎಳೆ ಹಿಡಿದು ಹೋಗುವುದು ಐರ್ಲೆಂಡಿಗೆ ಗೊತ್ತಿಲ್ಲದ ವಿದ್ಯೆಯೇನಲ್ಲ ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ.

ಇಡೀ ಕತೆಯಲ್ಲಿ ನನಗೆ ಅತ್ಯಂತ ಪಾಠವೆನಿಸಿದ್ದು ಡಿಸ್ಟಾಲ್ಜೆಸಿಕ್. ಡೆಕ್ಸ್ಟ್ರೊಪ್ರೊಪಾಕ್ಸಿಫೀನ್ ಮತ್ತು ಪ್ಯಾರಾಸಿಟಮಾಲ್ ಬೆರೆಸಿದ ಮಾತ್ರೆ. ನಮ್ಮಲ್ಲಿ ಪ್ರಾಕ್ಸಿವಾನ್ ಎಂದರೆ ಒಂದು ತಲೆಮಾರಿಗೇ ಗೊತ್ತು, ಅದರ ಸೋದರ. ಸೊಂಟ, ಮಂಡಿ, ಭುಜ, ಎಲ್ಲದಕ್ಕೂ ಐರಿಷ್ ವೈದ್ಯರು ಕಣ್ಣುಮುಚ್ಚಿ ಬರೆಯುತ್ತಿದ್ದ ಚೀಟಿ ಇದು. ತೊಂದರೆ ಏನೆಂದರೆ, ನೋವು ಇಳಿಸುವ ಪ್ರಮಾಣಕ್ಕೂ ಹೃದಯದ ಬಡಿತ ಕೆಡಿಸುವ ಪ್ರಮಾಣಕ್ಕೂ ನಡುವೆ ಅಂತರ ತೀರ ಕಡಿಮೆ, ಮದ್ಯ ಸೇರಿದರಂತೂ ಇನ್ನೂ ಕಡಿಮೆ. 2005ರಲ್ಲಿ ಬ್ರಿಟನ್ ಇದನ್ನು ಹಂತಹಂತವಾಗಿ ಹಿಂತೆಗೆಯುತ್ತೇನೆಂದಿತು. ಐರ್ಲೆಂಡ್ 2006ರ ಜನವರಿಯಲ್ಲಿ ಒಮ್ಮೆಗೇ ತೆಗೆದುಹಾಕಿತು. ಕಾರ್ಕ್ ನಗರದ ರಾಷ್ಟ್ರೀಯ ಆತ್ಮಹತ್ಯಾ ಸಂಶೋಧನಾ ಪ್ರತಿಷ್ಠಾನ ಆಸ್ಪತ್ರೆಗಳ ದಾಖಲೆ ತೆರೆದು ನೋಡಿತು. ಈ ಮಾತ್ರೆಯನ್ನು ಬೇಕೆಂದೇ ಹೆಚ್ಚು ನುಂಗಿ ಬಂದವರ ಪ್ರಮಾಣ ಶೇ 84ರಷ್ಟು ಇಳಿದಿತ್ತು. ಬೇರೆ ನೋವಿನ ಮಾತ್ರೆಗಳನ್ನು ನುಂಗಿದವರು ಸ್ವಲ್ಪ ಹೆಚ್ಚಿದ್ದರು, ಆದರೆ ಇಳಿತದ ಮುಂದೆ ಆ ಏರಿಕೆ ಏನೂ ಅಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ಹೋಗುತ್ತಾರೆ ಎಂದು ಕೈಚೆಲ್ಲುವವರಿಗೆ ಇದು ಉತ್ತರ. ಭಾರತ ಇದೇ ತೀರ್ಮಾನಕ್ಕೆ ಬರಲು 2013 ಆಯಿತು.

2001ರಲ್ಲೇ ಪ್ಯಾರಾಸಿಟಮಾಲ್‌ಗೆ ಮಿತಿ ಬಂದಿತ್ತು: ಕಿರಾಣಿ ಅಂಗಡಿಯಲ್ಲಿ 12 ಮಾತ್ರೆ, ಔಷಧಿ ಅಂಗಡಿಯಲ್ಲಿ 24. ಕೊಡೀನ್ ಸರದಿ 2010ರಲ್ಲಿ. ಔಷಧಿ ಅಂಗಡಿಗಳ ನಿಯಂತ್ರಕ ಸಂಸ್ಥೆಯಾದ ಫಾರ್ಮಸ್ಯೂಟಿಕಲ್ ಸೊಸೈಟಿ ಆಫ್ ಐರ್ಲೆಂಡ್ ಆ ವರ್ಷ ಕೊಟ್ಟ ಮಾರ್ಗಸೂಚಿಯೇ ಮೊದಲು ಹೇಳಿದ ವಿಚಾರಣೆಯ ಮೂಲ. ಡಬ್ಬಿ ಗಿರಾಕಿಯ ಕಣ್ಣಿಗೆ ಕಾಣಬಾರದು, ಮೊದಲ ಮದ್ದಾಗಿ ಕೊಡಬಾರದು, ಮೂರು ದಿನ ಮೀರಬಾರದು. ಕಟ್ಟಡ ಕೆಲಸದವರು ಬೆಳಿಗ್ಗೆ ಎರಡು ಮಾತ್ರೆ ನೀರಲ್ಲಿ ಕರಗಿಸಿ ಕುಡಿದು ಏಣಿ ಹತ್ತುವ ದೇಶದಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಆದರೆ ಒಂದು ಅಂಗಡಿಯಲ್ಲಿ ಇಲ್ಲವೆನ್ನಿಸಿಕೊಂಡವರಿಗೆ ಮುಂದಿನ ಬೀದಿಯ ಅಂಗಡಿ ಇದ್ದೇ ಇದೆ. ಮೊದಲ ಅಂಗಡಿ ಕೇಳಿದ ಪ್ರಶ್ನೆ ಎರಡನೆಯದಕ್ಕೆ ಗೊತ್ತಾಗುವುದಿಲ್ಲ.

ಲಿಡೊಕೇನ್ ಪಟ್ಟಿಯ ಪ್ರಸಂಗ ಸಣ್ಣದು, ಆದರೆ ಮಜವಾಗಿದೆ. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವಿಗೆಂದು ಅನುಮತಿ ಪಡೆದ ಅಂಟುಪಟ್ಟಿ ಅದು. ಐರ್ಲೆಂಡಿನ ವೈದ್ಯರು ಅದನ್ನು ಬೆನ್ನಿಗೂ ಭುಜಕ್ಕೂ ಅಂಟಿಸತೊಡಗಿ, ಸರ್ಕಾರದ ಕೋಟಿಗಟ್ಟಲೆ ಯೂರೊ ಅದಕ್ಕೇ ಹೋಗತೊಡಗಿತು. 2017ರ ಸೆಪ್ಟೆಂಬರಿನಿಂದ ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕೆಂದು ಆರೋಗ್ಯ ಸೇವೆ ಹೇಳಿದ್ದೇ ತಡ, ಬಳಕೆ ಕುಸಿಯಿತು. ನೋವಿನವರು ಕೂಗಾಡಿದರು; ಅವರ ಸಿಟ್ಟಿನಲ್ಲಿ ನ್ಯಾಯವಿತ್ತು, ಏಕೆಂದರೆ ಪಟ್ಟಿ ಕಿತ್ತುಕೊಂಡಷ್ಟು ಬೇಗ ಫಿಸಿಯೋಥೆರಪಿ ಸಿಗಲಿಲ್ಲ. ಹಣ ಕೊಡುವವನು ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂದು ಐರ್ಲೆಂಡ್ ಕಂಡದ್ದು ಇಲ್ಲಿ. ವಿಪರ್ಯಾಸವೆಂದರೆ ಅದು ಕೇಳಿದ್ದು ಓಪಿಯಾಯ್ಡ್ ಬಗ್ಗೆ ಅಲ್ಲ, ಅಮಲೇರಿಸದ ಒಂದು ಪಟ್ಟಿಯ ಬಗ್ಗೆ.

ಇನ್ನು ಪರೀಕ್ಷೆಯ ವಿಷಯ. 2005ರ ಕೆಲಸದ ಸ್ಥಳದ ಸುರಕ್ಷತಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಕೆಲಸಗಾರ ತನಗೋ ಇತರರಿಗೋ ಅಪಾಯವಾಗುವಷ್ಟು ಅಮಲಿನಲ್ಲಿರಬಾರದು. ಅಮಲು ಎಂದರೆ ಮದ್ಯ, ಮಾದಕ ವಸ್ತು. ವೈದ್ಯರೇ ಬರೆದುಕೊಟ್ಟ ಔಷಧಿಯೂ ಇದರ ಹೊರಗಿಲ್ಲ. ಮಾಲೀಕರು ಸಮಂಜಸವಾಗಿ ಕೇಳಿದರೆ ವೈದ್ಯರ ಉಸ್ತುವಾರಿಯಲ್ಲಿ ಪರೀಕ್ಷೆಗೆ ಒಪ್ಪಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಆದರೆ ಕೊನೆಯಲ್ಲೊಂದು ಬಾಲವಿದೆ: ಹೇಗೆಂದು ನಿಯಮಗಳಲ್ಲಿ ಗೊತ್ತುಪಡಿಸಿದಂತೆ. ಆ ನಿಯಮಗಳನ್ನು ಯಾರೂ ಬರೆಯಲಿಲ್ಲ. ರೈಲಿನ ಮಟ್ಟಿಗೆ ಅದೇ ವರ್ಷದ ರೈಲ್ವೆ ಸುರಕ್ಷತಾ ಕಾಯ್ದೆ ಇದೆ. ಉಳಿದ ಬಹುತೇಕ ಕಡೆ ಕಂಪನಿಯ ಒಪ್ಪಂದಪತ್ರದಲ್ಲಿ ಏನಿದೆಯೋ ಅದೇ ಕಾನೂನು. ಕೆಲಸ ಕಳೆದುಕೊಂಡವನು ಕಾರ್ಯಸ್ಥಳ ಸಂಬಂಧಗಳ ಆಯೋಗದ ಮುಂದೆ ಹೋದಾಗ ಚರ್ಚೆಯಾಗುವುದು ಆ ಕಾಗದವೇ.

ರಸ್ತೆಯ ಕಾನೂನು ಇಷ್ಟು ಗೋಜಲಾಗಿಲ್ಲ. 2017ರ ಏಪ್ರಿಲ್ 13ರಿಂದ ಪೊಲೀಸರು ದಾರಿಬದಿಯಲ್ಲಿ ಎಂಜಲು ಪರೀಕ್ಷೆ ಮಾಡುತ್ತಾರೆ. ಗಾಂಜಾ, ಕೊಕೇನ್, ಹೆರಾಯಿನ್ ಮಿತಿ ಮೀರಿ ರಕ್ತದಲ್ಲಿದ್ದರೆ ಸಾಕು, ತಪ್ಪು. ವೈದ್ಯರು ಬರೆದ ಮಾತ್ರೆಯಾದರೆ ಅದು ಇದ್ದರಷ್ಟೇ ಸಾಲದು, ಚಾಲನೆ ಕೆಟ್ಟಿತ್ತೆಂದು ತೋರಿಸಬೇಕು. ಮೈಯಲ್ಲಿರುವುದು ಬೇರೆ, ಮತ್ತೇರಿರುವುದು ಬೇರೆ. ಕಾರ್ಖಾನೆಯ ಗೇಟಿನಲ್ಲಿ ಮೂತ್ರ ಹಿಡಿಯುವವರಿಗೂ ಈ ವ್ಯತ್ಯಾಸ ಗೊತ್ತಿರಬೇಕಿತ್ತು.

ಏಕೆಂದರೆ ಆ ಮೂತ್ರ ಪರೀಕ್ಷೆ ಅಂದುಕೊಂಡಷ್ಟು ಜಾಣನಲ್ಲ. ಕೊಡೀನ್‌ನ ಒಂದು ಪಾಲನ್ನು ಯಕೃತ್ತು ಮಾರ್ಫೀನ್ ಆಗಿ ಪರಿವರ್ತಿಸುತ್ತದೆ; ಹಾಗಾಗಿ ಅಂಗಡಿಯ ಸಾಲ್ಪಡೀನ್ ನುಂಗಿದವನೂ ಮೊದಲ ಹಂತದ ಪರೀಕ್ಷಾ ಪಟ್ಟಿಯಲ್ಲಿ ಸಿಕ್ಕಿಬೀಳುತ್ತಾನೆ. ಫೆಂಟನಿಲ್, ಟ್ರಮಡಾಲ್ ಬಳಸಿದವರನ್ನು ಅದೇ ಓಪಿಯೇಟ್ ಪಟ್ಟಿ ಗುರುತಿಸುವುದಿಲ್ಲ, ಅವಕ್ಕೆ ಬೇರೆ ಪರೀಕ್ಷೆ ಬೇಕು. ಇನ್ನು ಗಸಗಸೆ. ಹಬ್ಬದ ದಿನ ಗಸಗಸೆ ಪಾಯಸ ಎರಡು ಲೋಟ ಕುಡಿದು ಮರುದಿನ ಡಬ್ಲಿನ್‌ನಲ್ಲಿ ಡ್ಯೂಟಿಗೆ ಹೋಗುವ ಕನ್ನಡಿಗರು ನೆನಪಿಡಬೇಕಾದ ಸಂಗತಿ: ಆ ಕಾಳಿನ ಮೇಲಿನ ಮಾರ್ಫೀನ್ ಮೂತ್ರದಲ್ಲಿ ಕಾಣಿಸುತ್ತದೆ. ಈ ಕಾರಣಕ್ಕೇ ಅಮೆರಿಕ 1998ರಲ್ಲಿ ತನ್ನ ಸರ್ಕಾರಿ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2,000ಕ್ಕೆ ಏರಿಸಿತು. ಎರಡನೇ ಹಂತದ ದೃಢೀಕರಣವಾಗದೆ, ವೈದ್ಯರೊಬ್ಬರು ಎದುರು ಕೂತು ಏನು ತಿಂದಿರಿ, ಯಾವ ಚೀಟಿ ಇದೆ ಎಂದು ಕೇಳದೆ ಯಾರ ಕೆಲಸವನ್ನೂ ಕಿತ್ತುಕೊಳ್ಳಬಾರದು. ಇದರಲ್ಲಿ ನನಗೆ ಅನುಮಾನವಿಲ್ಲ.

ಹಾಗಾದರೆ ಗಾಯಗೊಂಡವನ ಮಾತ್ರೆಯ ಲೆಕ್ಕ ಇಡಲೇಬೇಕೇ? ಇಡಬೇಕು, ಮಾಲೀಕರ ಕೈಯಲ್ಲಿ ಅಲ್ಲ. ವೈದ್ಯಕೀಯ ಕಾರ್ಡ್ ಇದ್ದವರ ಔಷಧಿಗಳ ದಾಖಲೆ ಸರ್ಕಾರದ ಮರುಪಾವತಿ ಕಚೇರಿಯಲ್ಲಿದೆ. ಸ್ವಂತ ದುಡ್ಡು ಕೊಡುವವರದು ಅಲ್ಲೊಂದಿಷ್ಟು ಇಲ್ಲೊಂದಿಷ್ಟು. 2020ರಲ್ಲಿ ಕೋವಿಡ್ ಬಂದಾಗ ಚೀಟಿಗಳು ಹೆಲ್ತ್‌ಮೇಲ್ ಎಂಬ ಸುರಕ್ಷಿತ ಇಮೇಲ್ ಮೂಲಕ ವೈದ್ಯರಿಂದ ಅಂಗಡಿಗೆ ಹೋಗತೊಡಗಿದವು. ಕಾಗದ ತಪ್ಪಿತು ನಿಜ. ಆದರೆ ಅದು ಇಮೇಲ್ ಅಷ್ಟೇ. ಒಂದು ಊರಿನ ವೈದ್ಯರು ಕಳಿಸಿದ್ದು ಇನ್ನೊಂದು ಊರಿನ ವೈದ್ಯರಿಗೆ ಕಾಣುವುದಿಲ್ಲ. ಅದೇ ವರ್ಷ ಐರಿಷ್ ಮೆಡಿಕಲ್ ಕೌನ್ಸಿಲ್ ನಿದ್ದೆಮಾತ್ರೆ, ಬೆಂಜೊಡಯಜೆಪೀನ್, ಪ್ರೆಗಾಬಲಿನ್‌ಗಳನ್ನು ಅತಿಯಾಗಿ ಬರೆಯುತ್ತಿರುವ ಬಗ್ಗೆ ತನ್ನ ವೈದ್ಯರನ್ನು ಎಚ್ಚರಿಸಿತು. ಸೊಂಟನೋವಿನವನ ಚೀಟಿಯಲ್ಲಿ ಓಪಿಯಾಯ್ಡ್ ಪಕ್ಕದಲ್ಲಿ ಕೂರುವ ಹೆಸರುಗಳೇ ಇವು.

ಓಪಿಯಾಯ್ಡ್‌ಗಳ ಮಟ್ಟಿಗೆ ದೇಶದಲ್ಲಿ ಒಬ್ಬ ರೋಗಿ, ಒಬ್ಬ ವೈದ್ಯ, ಒಂದು ಅಂಗಡಿ ಎಂದು ಜೋಡಿಸಿಡುವ ಪಟ್ಟಿ ಇಂದಿಗೂ ಒಂದೇ, 1998ರಲ್ಲಿ ಮೆಥಡೋನ್‌ಗೆಂದು ಮಾಡಿದ್ದು. ಮಾಂಸದ ಕಾರ್ಖಾನೆಯವನ ಹೆಸರು ಅದರಲ್ಲಿಲ್ಲ. ವ್ಯಸನಿಗಳ ಪಟ್ಟಿಯಲ್ಲಿ ಹೆಸರು ಸೇರಿಸುತ್ತೇವೆಂದರೆ ಅವನು ಒಪ್ಪುವುದೂ ಇಲ್ಲ, ಒಪ್ಪಬೇಕಾಗಿಯೂ ಇಲ್ಲ. ಅವನಿಗೆ ಸದ್ಯಕ್ಕೆ ಗೊತ್ತಿರುವುದು ಇಷ್ಟು: ಭತ್ಯೆ ಮುಂದುವರಿಯಬೇಕಾದರೆ ವೈದ್ಯರ ಹತ್ತಿರ ಪ್ರಮಾಣಪತ್ರ ಬರೆಸಿಕೊಳ್ಳಬೇಕು. ಕೆಲಸಕ್ಕೆ ಯೋಗ್ಯನೋ ಅಲ್ಲವೋ ಎಂದು ವೈದ್ಯರು ಅದರಲ್ಲಿ ಬರೆಯುತ್ತಾರೆ, ಸಹಿ ಹಾಕುತ್ತಾರೆ, ಜೊತೆಗೆ ಹಳೆಯ ಮಾತ್ರೆಯ ಚೀಟಿಯನ್ನೂ ಇನ್ನೊಮ್ಮೆ ಕಳಿಸುತ್ತಾರೆ.