ಮರುಬಿತ್ತನೆಗೆ ಆಸರೆ ಮನೆಯ ಬೀಜ

ದಾವಣಗೆರೆ ಜಿಲ್ಲೆಯ ಜಗಳೂರಿನಲ್ಲಿ ಮುಂಗಾರು ಕೈಕೊಟ್ಟರೆ ಬಿತ್ತಿದ ಬೀಜ ಮಣ್ಣುಪಾಲಾಗುತ್ತದೆ. ನಾಲೆಯ ನೀರು ತಲುಪದ ಚನ್ನಗಿರಿ, ಹೊನ್ನಾಳಿ ಹಾಗೂ ನ್ಯಾಮತಿ ತಾಲ್ಲೂಕುಗಳ ಖುಷ್ಕಿ ಜಮೀನುಗಳದೂ ಇದೇ ಪಾಡು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾಗಿದ್ದವು. ಇಂಥ ವರ್ಷಗಳಲ್ಲಿ ಎರಡನೇ ಬಾರಿ ಬೀಜ ಕೊಳ್ಳುವುದು ಸಣ್ಣ ಹಿಡುವಳಿದಾರರಿಗೆ ಹೊರೆ. ಮನೆಯಲ್ಲಿ ಕಾಪಿಟ್ಟ ಬೀಜವೇ ಅವರಿಗೆ ಆಸರೆ.

ಬೀಜದ ಆಯುಷ್ಯವನ್ನು ನಿರ್ಧರಿಸುವುದು ತೇವಾಂಶ ಮತ್ತು ಉಷ್ಣತೆ. ತೇವಾಂಶ ಶೇ 1ರಷ್ಟು ತಗ್ಗಿದರೆ ಬಾಳಿಕೆ ಸುಮಾರು ಇಮ್ಮಡಿಯಾಗುತ್ತದೆಂಬುದು ಬೀಜ ವಿಜ್ಞಾನದ ಸ್ಥೂಲ ಸೂತ್ರ. ಸಾಮಾನ್ಯ ಚೀಲದಲ್ಲಿಡುವ ಭತ್ತಕ್ಕೆ ಶೇ 13, ರಾಗಿಗೆ ಶೇ 12, ತೊಗರಿ ಹಾಗೂ ಶೇಂಗಾಕ್ಕೆ ಶೇ 9 ಗರಿಷ್ಠ ಮಿತಿ. ಗಾಳಿಯಾಡದ ಡಬ್ಬಿಯಲ್ಲಿಡುವುದಾದರೆ ಇನ್ನಷ್ಟು ಒಣಗಿಸಬೇಕು. ಇಲ್ಲವಾದರೆ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ.

ಶೇಂಗಾವನ್ನು ಸುಲಿಯದೆ ಕಾಯಿಯಾಗಿಯೇ ಇಡುವುದು ಲೇಸು. ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಬೇಕು. ಕಾಳಿಗೆ ಬೂದಿ, ಬೇವಿನ ಸೊಪ್ಪು ಬೆರೆಸುವ ಹಿರಿಯರ ಪದ್ಧತಿ ಹುಳುಬಾಧೆಯನ್ನು ತಗ್ಗಿಸುತ್ತದೆ. ಆದರೆ ಹೈಬ್ರಿಡ್ ಮೆಕ್ಕೆಜೋಳದ ಬೀಜ ಕಾಪಿಡುವುದರಲ್ಲಿ ಅರ್ಥವಿಲ್ಲ. ಮುಂದಿನ ಪೀಳಿಗೆಯಲ್ಲಿ ಇಳುವರಿ ಕುಸಿಯುತ್ತದೆ.

ಬಿತ್ತನೆಗೆ ಹದಿನೈದು ದಿನ ಮುನ್ನ 100 ಕಾಳುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಪರೀಕ್ಷಿಸಬೇಕು. ಶೇಂಗಾದಲ್ಲಿ 70, ರಾಗಿ ಮತ್ತು ತೊಗರಿಯಲ್ಲಿ 75, ಭತ್ತದಲ್ಲಿ 80 ಮೊಳೆತರೆ ಆ ಬೀಜ ಬಿತ್ತನೆಗೆ ಯೋಗ್ಯ.