ಚೈನನ್ನ ಸಡಿಲ ಬಿಡೋದು ಯಾಕೆ? ಮ್ಯಾಂಚೆಸ್ಟರ್‌ನಿಂದ ಮೈಸೂರಿನವರೆಗೆ

ಇವತ್ತಿನ ಕಂತು ಹೊಸದಾಗಿ ಬೈಕ್ ಹಿಡಿದವರಿಗೆ. ಗ್ಯಾರೇಜಿನಲ್ಲಿ ನಿಂತು "ಅಣ್ಣಾ, ಚೈನ್ ಸೌಂಡ್ ಬರ್ತಿದೆ, ಫುಲ್ ಟೈಟ್ ಮಾಡ್ಬಿಡಿ" ಅಂತ ಹೇಳೋರು ತುಂಬಾ ಜನ ಇದ್ದಾರೆ. ಟೈಟ್ ಇದ್ದಷ್ಟೂ ಪಿಕಪ್ ಚೆನ್ನಾಗಿರುತ್ತೆ ಅನ್ನೋ ನಂಬಿಕೆ ಅದು. ಆ ನಂಬಿಕೆ ಯಾಕೆ ತಪ್ಪು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ, ಸುಮಾರು 145 ವರ್ಷ ಹಿಂದಕ್ಕೆ ಹೋಗಬೇಕು.

ಹಾನ್ಸ್ ರೆನಾಲ್ಡ್ ಅಂತ ಒಬ್ಬ. ಸ್ವಿಟ್ಜರ್ಲೆಂಡಿನ ಆರಾವ್ ಊರಿನವನು, ಕೆಲಸ ಹುಡುಕಿಕೊಂಡು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ಗೆ ಬಂದವನು. 1879ರಲ್ಲಿ ಪಕ್ಕದ ಸಾಲ್ಫರ್ಡ್‌ನಲ್ಲಿ ಜೇಮ್ಸ್ ಸ್ಲೇಟರ್ ಎಂಬಾತನ ಸಣ್ಣ ಚೈನ್ ವ್ಯವಹಾರವನ್ನು ಕೊಂಡುಕೊಂಡ. ಅಲ್ಲಿ ಮಾಡ್ತಿದ್ದದ್ದು ಬಟ್ಟೆ ಗಿರಣಿಯ ಯಂತ್ರಗಳಿಗೆ ಬೇಕಾದ ಚೈನು. ಆಗಿನ ಚೈನಿನಲ್ಲಿ ತೆಳ್ಳನೆ ಪಟ್ಟಿಗಳು ನೇರವಾಗಿ ಪಿನ್ನಿನ ಮೇಲೆ ತಿರುಗ್ತಿದ್ವು. ಇಡೀ ಭಾರ ಪಟ್ಟಿಯ ಅಂಚಿನಷ್ಟು ಸಣ್ಣ ಜಾಗದ ಮೇಲೆ ಬೀಳ್ತಿತ್ತು, ಬೇಗ ಸವೆದುಹೋಗ್ತಿತ್ತು. 1880ರಲ್ಲಿ ರೆನಾಲ್ಡ್ ಪಿನ್ನಿನ ಸುತ್ತ ಒಂದು ಪುಟ್ಟ ಕೊಳವೆ ಹಾಕಿದ, ಅದನ್ನ ಬುಷ್ ಅಂತೀವಿ. ಅದರ ಮೇಲೆ ಸುಮ್ಮನೆ ತಿರುಗೋ ರೋಲರ್ ಕೂರಿಸಿದ. ಭಾರ ಬುಷ್‌ನ ಉದ್ದಕ್ಕೂ ಹರಡಿತು, ಹಲ್ಲಿಗೆ ತಾಗೋ ಕಡೆ ಉಜ್ಜೋ ಬದಲು ರೋಲರ್ ಉರುಳಿತು. ಇವತ್ತು ನಿಮ್ಮ ಬೈಕಿನ ಕೆಳಗೆ ಓಡ್ತಾ ಇರೋದೂ ಅದೇ ವಿನ್ಯಾಸ. ಮೊಬೈಲನ್ನ ಎರಡು ವರ್ಷಕ್ಕೊಮ್ಮೆ ಬದಲಾಯಿಸೋ ನಾವು 1880ರ ಸಾಮಾನನ್ನ ದಿನಾ ಓಡಿಸ್ತೀವಿ.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ ಬಂತು. ಎರಡೂ ಚಕ್ರ ಹೆಚ್ಚುಕಮ್ಮಿ ಸಮ, ಪೆಡಲ್ ಮಧ್ಯದಲ್ಲಿ, ಚೈನಿನಿಂದ ಹಿಂದಿನ ಚಕ್ರ ತಿರುಗೋದು. ಹಾಗಾದ್ರೆ ಮೋಟಾರ್‌ಸೈಕಲ್ಲೂ ಅದನ್ನೇ ಹಿಡೀತು ಅಂದ್ಕೊಂಡ್ರಾ? ಇಲ್ಲ. ಹೆಚ್ಚಿನ ಕಂಪನಿಗಳು ಬೆಲ್ಟ್‌ಗೆ ಅಂಟಿಕೊಂಡ್ವು. ಅದಕ್ಕೆ ಕಾರಣವೂ ಇತ್ತು. ಒಂದೇ ಸಿಲಿಂಡರಿನ ಎಂಜಿನ್ ಒಂದೊಂದು ಹೊಡೆತಕ್ಕೂ ಜಗ್ಗುತ್ತೆ, ಬೆಲ್ಟ್ ಸ್ವಲ್ಪ ಜಾರಿ ಆ ಜಗ್ಗಾಟವನ್ನ ನುಂಗಿಕೊಳ್ತಿತ್ತು. ತೊಂದರೆ ಏನಂದ್ರೆ ಮಳೆ ಬಂದ್ರೂ ಜಾರ್ತಿತ್ತು, ಏರು ಬಂದ್ರೂ ಜಾರ್ತಿತ್ತು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1907ರಲ್ಲಿ ಟಿಟಿ ರೇಸ್ ಶುರುವಾದಾಗ ಸವಾರರಿಗೆ ಏರಿನಲ್ಲಿ ಪೆಡಲ್ ತುಳಿಯೋ ಅವಕಾಶ ಇತ್ತು!

1911ರಲ್ಲಿ ಆ ರೇಸನ್ನ ಬೆಟ್ಟದ ದಾರಿಗೆ ಒಯ್ದರು. ಒಂದು ಸುತ್ತಿಗೆ ಸುಮಾರು 60 ಕಿಲೋಮೀಟರ್, ಮಧ್ಯೆ 400 ಮೀಟರಿಗೂ ಹೆಚ್ಚು ಎತ್ತರ. ಅಮೆರಿಕದ ಇಂಡಿಯನ್ ಕಂಪನಿಯ ಬೈಕ್‌ಗಳು ಎರಡು ಗೇರ್, ಚೈನ್ ಡ್ರೈವ್ ಇಟ್ಕೊಂಡು ಬಂದು ಸೀನಿಯರ್ ಟಿಟಿಯಲ್ಲಿ ಮೊದಲ ಮೂರೂ ಸ್ಥಾನ ತಗೊಂಡ್ವು. ಗೆದ್ದವನು ಆಲಿವರ್ ಗಾಡ್‌ಫ್ರೀ. ನ್ಯಾಯವಾಗಿ ಹೇಳಬೇಕಂದ್ರೆ ಎರಡನೆಯವನಾಗಿ ಬಂದಿದ್ದು ಬ್ರಿಟನ್ನಿನ ಚಾರ್ಲಿ ಕಾಲಿಯರ್, ಅನುಮತಿ ಇಲ್ಲದ ಜಾಗದಲ್ಲಿ ಪೆಟ್ರೋಲ್ ಹಾಕಿಸಿಕೊಂಡ ಅಂತ ಅವನನ್ನ ಕೈಬಿಟ್ಟರು. ಆದ್ರೂ ಸಂದೇಶ ಮುಟ್ಟಿತು. 1920ರ ದಶಕ ಮುಗಿಯೋ ಹೊತ್ತಿಗೆ ಬೆಲ್ಟ್ ಹೆಚ್ಚುಕಮ್ಮಿ ಮೂಲೆ ಸೇರಿತ್ತು.

ಈಗ ಸಡಿಲದ ವಿಷಯಕ್ಕೆ ಬರ್ತೀನಿ. ಹಳೇ ಬೈಕ್‌ಗಳಲ್ಲಿ ಹಿಂದಿನ ಚಕ್ರ ಫ್ರೇಮಿಗೇ ಬಿಗಿದಿರ್ತಿತ್ತು, ಸಸ್ಪೆನ್ಷನ್ ಇರಲಿಲ್ಲ. ಮುಂದಿನ ಸ್ಪ್ರಾಕೆಟ್‌ಗೂ ಹಿಂದಿನದಕ್ಕೂ ಇರೋ ದೂರ ಬದಲಾಗ್ತಾನೇ ಇರಲಿಲ್ಲ. ಎರಡನೇ ಮಹಾಯುದ್ಧದ ನಂತರ ಸ್ವಿಂಗ್ ಆರ್ಮ್ ಸಾಮಾನ್ಯವಾಯ್ತು. 1950ರ ನಾರ್ಟನ್ ಫೆದರ್‌ಬೆಡ್ ಫ್ರೇಮ್ ಅದಕ್ಕೆ ಹೆಸರಾದದ್ದು. ಸವಾರನ ಬೆನ್ನಿಗೆ ನೆಮ್ಮದಿ ಸಿಕ್ತು, ಚೈನಿಗೆ ಕಷ್ಟ ಶುರುವಾಯ್ತು. ಯಾಕಂದ್ರೆ ಸ್ವಿಂಗ್ ಆರ್ಮ್ ತಿರುಗೋ ಜಾಗ ಬೇರೆ, ಸ್ಪ್ರಾಕೆಟ್ ತಿರುಗೋ ಜಾಗ ಬೇರೆ. ಚಕ್ರ ಮೇಲೆ ಕೆಳಗೆ ಆಡಿದಾಗ ಚೈನ್ ಬಿಗಿ ಸಡಿಲ ಆಗುತ್ತೆ. ಸ್ಪ್ರಾಕೆಟ್, ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಅತಿ ಬಿಗಿ. ನಿಂತ ಬೈಕಿನಲ್ಲಿ ಬಿಡೋ ಸಡಿಲ ಇರೋದೇ ಆ ಕ್ಷಣಕ್ಕೆ. ಹಿಂದೆ ಒಬ್ಬರನ್ನ ಕೂರಿಸಿಕೊಂಡು ಹಂಪ್ ಹಾರಿದಾಗ ಆ ಸಡಿಲ ಇಲ್ಲದಿದ್ರೆ ಇಡೀ ಜಗ್ಗು ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಬೀಳುತ್ತೆ. ಚೈನಿನ ಖರ್ಚು ಒಂದಾದ್ರೆ ಎಂಜಿನ್ ಬಿಚ್ಚೋ ಖರ್ಚು ಇನ್ನೊಂದು. ಬಿಕಾಂ ಓದದೇ ಇದ್ರೂ ಈ ಲೆಕ್ಕ ಅರ್ಥ ಆಗುತ್ತೆ.

ಹಾಗಂತ ಜೋತಾಡೋ ಹಾಗೆ ಬಿಡೋದೂ ಅಪಾಯ. ಸ್ಪ್ರಾಕೆಟ್‌ನಿಂದ ಕಳಚಿ ಮಧ್ಯೆ ಸಿಕ್ಕಿಹಾಕಿಕೊಂಡ್ರೆ ಹಿಂದಿನ ಚಕ್ರ ಓಡ್ತಿರೋವಾಗಲೇ ಲಾಕ್ ಆಗಬಹುದು. ಹಿಂದೆ ಲಾರಿ ಇರೋ ಹೈವೇನಲ್ಲಿ ಅದು ಆದ್ರೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಅಂದಹಾಗೆ "ಚೈನ್ ಉದ್ದ ಆಗಿದೆ" ಅಂತೀವಲ್ಲ, ಕಬ್ಬಿಣದ ಪಟ್ಟಿ ರಬ್ಬರಿನ ಹಾಗೆ ಎಳೆದುಕೊಳ್ಳಲ್ಲ. ರೆನಾಲ್ಡ್ ಹಾಕಿದ್ನಲ್ಲ ಬುಷ್, ಅದೂ ಪಿನ್ನೂ ಸವೆಯುತ್ತೆ. 120 ಕೊಂಡಿ ಇರೋ ಚೈನಿನಲ್ಲಿ ಒಂದೊಂದು ಕಡೆ 0.1 ಮಿ.ಮೀ. ಸವೆದ್ರೂ ಒಟ್ಟು 12 ಮಿ.ಮೀ. ಆಯ್ತು. ಸಣ್ಣ ಬೈಕ್‌ಗಳ 428 ಚೈನಿನಲ್ಲಿ ಪಿನ್ನಿಂದ ಪಿನ್ನಿಗೆ 12.7 ಮಿ.ಮೀ., ಅಂದ್ರೆ ಅರ್ಧ ಇಂಚು. 20 ಕೊಂಡಿ ಅಳೆದ್ರೆ ಹೊಸದರಲ್ಲಿ 254 ಮಿ.ಮೀ. ಬರಬೇಕು. 259 ಬಂದ್ರೆ ಶೇಕಡಾ 2ರಷ್ಟು ಹೋಯ್ತು ಅಂತ ಅರ್ಥ, ಸೆಟ್ ಬದಲಾಯಿಸೋ ಯೋಚನೆ ಮಾಡಿ.

ನಮ್ಮ ಮೈಸೂರಿನ ವಿಷಯ ಬಿಡೋಕಾಗುತ್ತಾ? ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಂದ ಜಾವಾ 250ರಲ್ಲಿ ಚೈನ್ ಕಣ್ಣಿಗೇ ಕಾಣ್ತಿರಲಿಲ್ಲ. ಪೂರ್ತಿ ಮುಚ್ಚಿದ ಕವರ್, ಧೂಳು ಕೆಸರು ಒಳಗೆ ಹೋಗೋ ಹಾಗಿಲ್ಲ. ಅದು ಜೆಕೊಸ್ಲೊವಾಕಿಯಾದವರ ಯೋಚನೆ. ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗಿನ ಸ್ಪೋರ್ಟಿ ಬೈಕ್‌ಗಳಲ್ಲಿ ಚೈನ್ ಬಟಾಬಯಲು. ನೋಡೋಕೆ ಚಂದ ಇರಬಹುದು, ನಮ್ಮ ರಸ್ತೆಗಳಿಗೆ ಹಳೇ ಕವರೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಈಗ ಕೆಲಸಕ್ಕೆ ಬರೋ ಮಾತು. ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರ್ ಅಥವಾ ಮ್ಯಾನುಯಲ್‌ನಲ್ಲಿ ಸಡಿಲ ಎಷ್ಟು ಅಂತ ಇರುತ್ತೆ. ಯಾವ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಅಳೀಬೇಕು ಅನ್ನೋದನ್ನೂ ನೋಡಿ, ಅದು ಬೈಕಿನಿಂದ ಬೈಕಿಗೆ ಬೇರೆ. ಚಕ್ರ ನಿಧಾನಕ್ಕೆ ತಿರುಗಿಸಿ, ಚೈನ್ ಅತಿ ಬಿಗಿಯಾಗೋ ಜಾಗ ಹುಡುಕಿ, ಅಲ್ಲಿ ಅಳೀರಿ. ಆಕ್ಸಲ್ ನಟ್ ಸಡಿಲ ಮಾಡಿ ಎರಡೂ ಕಡೆಯ ಅಡ್ಜಸ್ಟರನ್ನ ಒಂದೇ ಸಮ ತಿರುಗಿಸಿ. ಒಂದು ಕಡೆ ಜಾಸ್ತಿ ಆದ್ರೆ ಚಕ್ರ ಓರೆಯಾಗುತ್ತೆ, ಸ್ಪ್ರಾಕೆಟ್ ಹಲ್ಲಿನ ಒಂದೇ ಬದಿ ಉಜ್ಜಿ ಮಿರಮಿರ ಹೊಳೆಯುತ್ತೆ. ಸ್ವಿಂಗ್ ಆರ್ಮಿನ ಗೆರೆಗಳನ್ನ ಪೂರ್ತಿ ನಂಬಬೇಡಿ. ಹಿಂದಿನ ಟೈರಿನ ಎರಡೂ ಬದಿಗೆ ತಾಗಿಸಿ ದಾರ ಎಳೆದು ಮುಂದಿನ ಟೈರ್‌ವರೆಗೆ ತನ್ನಿ. ಮುಂದಿನ ಟೈರ್ ನೇರ ನಿಂತಾಗ ಅದರ ಎರಡೂ ಬದಿಗೆ ದಾರ ಸಮ ದೂರದಲ್ಲಿದ್ರೆ ಸಾಮಾನ್ಯವಾಗಿ ಸರಿ ಇದೆ ಅಂತ. ಡ್ರಮ್ ಬ್ರೇಕ್ ಇದ್ರೆ ಚಕ್ರ ಹಿಂದೆ ಸರಿದಾಗ ಬ್ರೇಕ್ ರಾಡೂ ಬಿಗಿಯಾಗುತ್ತೆ, ಪೆಡಲ್ ಆಟ ಮತ್ತೆ ನೋಡ್ಕೊಳ್ಳಿ. ಆಕ್ಸಲ್ ನಟ್ ಬಿಗಿ ಮಾಡಿದ ಮೇಲೆ ಸಡಿಲವನ್ನ ಇನ್ನೊಮ್ಮೆ ಅಳೀರಿ, ಬಿಗಿಯೋವಾಗ ಅದು ಬದಲಾಗೋದುಂಟು.

ಇನ್ನೊಂದು. ಎಂಜಿನ್ ಆನ್ ಮಾಡಿ, ಗೇರ್ ಹಾಕಿ, ತಿರುಗ್ತಿರೋ ಚೈನಿಗೆ ಬಟ್ಟೆ ಹಿಡಿಯೋ ವಿಡಿಯೋಗಳು ಓಡಾಡ್ತಿವೆ. ಬಟ್ಟೆ ಸ್ಪ್ರಾಕೆಟ್‌ಗೆ ಸಿಕ್ಕಿದ್ರೆ ಬೆರಳನ್ನೂ ಎಳ್ಕೊಂಡು ಹೋಗುತ್ತೆ. ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ಗೆ ತಂದು, ಕೈಯಲ್ಲೇ ಚಕ್ರ ತಿರುಗಿಸಿ ಒರೆಸಿ.