ಬಾಗಿಲ ಸಂದಿನಲ್ಲಿ ಕಾಣುವ ಚರಿತ್ರೆ

ಹಳೆಯ ಲ್ಯಾಂಡ್ ರೋವರ್ ಗಾಡಿಯನ್ನು ಪಕ್ಕದಿಂದ ನೋಡಿದವರ ಕಣ್ಣಿಗೆ ಮೊದಲು ಬೀಳುವುದು ಅದರ ಬಾಗಿಲ ಸಂದು. ಬಾಗಿಲಿನ ಹಿಂಬದಿಯ ಅಂಚಿಗೂ ಅದರ ಹಿಂದಿರುವ ತೊಟ್ಟಿಯ ಅಂಚಿಗೂ ನಡುವೆ ಮೇಲ್ಗಡೆ ಕಿರುಬೆರಳು ತೂರುವಷ್ಟು ಜಾಗ ಇದ್ದರೆ, ಕೆಳಕ್ಕಿಳಿದಂತೆ ಅದು ಅರ್ಧಕ್ಕೆ ಬಂದಿರುತ್ತದೆ. ಎಡಗಡೆಯ ಬಾಗಿಲಿನ ಲೆಕ್ಕ ಬಲಗಡೆಯದಕ್ಕೆ ಹೊಂದುವುದಿಲ್ಲ. ಬಾನೆಟ್ ಒಂದು ಬದಿಗೆ ತುಸು ಹೆಚ್ಚು ಒರಗಿದಂತೆ ಕಾಣುತ್ತದೆ. ಇಂಥ ಗಾಡಿ ಈಗ ಸಂಗ್ರಹಕಾರರ ಕೈಗೆ ಹೋಗಿದೆ. ಅದನ್ನು ಹೊಸದರಂತೆ ಮಾಡಿಸುವವರು ಮೊದಲು ಕೇಳುವುದೂ ಈ ಸಂದುಗಳೆಲ್ಲ ಒಂದೇ ಸಮ ಬರಬೇಕು ಎಂದೇ. ಪುಟ್ಟಿ ಬಳಿದು, ಅಂಚು ಕತ್ತರಿಸಿ, ತಗಡು ಬೆಸೆದು ಈಗಿನ ಕಾರಿನ ಹಾಗೆ ಗೆರೆ ಕೊರೆದಂಥ ಸಂದು ತರಿಸುತ್ತಾರೆ. ಆದರೆ ಈ ಗಾಡಿಯ ಸಂದು ಸಮ ಇಲ್ಲದಿರುವುದಕ್ಕೆ ಕೆಲಸಗಾರರ ಉದಾಸೀನ ಕಾರಣವಲ್ಲ. ಅಚ್ಚುಯಂತ್ರ ಮಾಡಬೇಕಾದ ಹೊಂದಿಕೆಯ ಕೆಲಸವನ್ನು ಮನುಷ್ಯನ ಕೈಗೆ, ಬೋಲ್ಟು ವಾಷರುಗಳಿಗೆ ಬಿಟ್ಟುಕೊಟ್ಟ ಒಂದು ವಿನ್ಯಾಸದ ಗುರುತು ಅದು. ಆ ವಿನ್ಯಾಸವೇ ಗಾಡಿಯನ್ನು ದೇಶದೇಶಗಳಿಗೆ ಒಯ್ದಿತು, ಎಪ್ಪತ್ತು ವರ್ಷ ಕಳೆದರೂ ಅದನ್ನು ರಿಪೇರಿ ಮಾಡಿ ಓಡಿಸುವಂತೆ ಉಳಿಸಿತು.

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಉಕ್ಕಿಗೆ ಸರ್ಕಾರದ ಹಂಚಿಕೆ ಇತ್ತು. ರಫ್ತು ಮಾಡಿ ಹೊರದೇಶದ ಹಣ ತರುವ ಕಾರ್ಖಾನೆಗೆ ಹೆಚ್ಚು ಪಾಲು, ಉಳಿದವರಿಗೆ ಸಿಕ್ಕಷ್ಟು. ರೋವರ್ ಕಂಪನಿ ಯುದ್ಧಕ್ಕೆ ಮುಂಚೆ ಒಳ್ಳೆಯ ಮಧ್ಯಮದರ್ಜೆ ಕಾರುಗಳಿಗೆ ಹೆಸರಾಗಿತ್ತು, ಆದರೆ ಅದರ ರಫ್ತು ತೀರ ಕಡಿಮೆ. ಯುದ್ಧಕಾಲದಲ್ಲಿ ವಿಮಾನದ ಎಂಜಿನ್ನುಗಳಿಗಾಗಿ ಸೋಲಿಹಲ್ಲಿನಲ್ಲಿ ಕಟ್ಟಿದ ದೊಡ್ಡ ಕಾರ್ಖಾನೆ ಅದರ ಕೈಗೆ ಬಂದಿತ್ತು. ಅದನ್ನು ತುಂಬಿಸುವಷ್ಟು ಕೆಲಸ ಮಾತ್ರ ಇರಲಿಲ್ಲ. ಕಂಪನಿಯ ಮುಖ್ಯ ಎಂಜಿನಿಯರ್ ಮಾರಿಸ್ ವಿಲ್ಕ್ಸ್ ವೇಲ್ಸ್‌ನ ಆಂಗ್ಲ್‌ಸಿ ದ್ವೀಪದ ತಮ್ಮ ಜಮೀನಿನಲ್ಲಿ ಯುದ್ಧದಿಂದ ಉಳಿದ ವಿಲ್ಲಿಸ್ ಜೀಪೊಂದನ್ನು ಬಳಸುತ್ತಿದ್ದರು. ಅದು ಸವೆದರೆ ಬದಲಿಗೆ ಏನು ಎಂಬ ಪ್ರಶ್ನೆಯಿಂದ 1947ರಲ್ಲಿ ಹೊಸ ಗಾಡಿಯ ಯೋಚನೆ ಹುಟ್ಟಿತು. ಅಣ್ಣ ಸ್ಪೆನ್ಸರ್ ವಿಲ್ಕ್ಸ್ ಕಂಪನಿಯ ಆಡಳಿತ ನಿರ್ದೇಶಕರು. ಅದೇ ವರ್ಷ ಮಾದರಿ ಗಾಡಿಗಳಿಗೆ ಒಪ್ಪಿಗೆ ಸಿಕ್ಕಿತು. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಂ ಮೋಟಾರು ಪ್ರದರ್ಶನದಲ್ಲಿ ಗಾಡಿ ಜನರ ಮುಂದೆ ಬಂತು. ಕಾರಿನ ವ್ಯಾಪಾರ ಚೇತರಿಸಿಕೊಳ್ಳುವವರೆಗೆ ಎರಡು ಮೂರು ವರ್ಷ ಕಾರ್ಖಾನೆ ನಡೆಯಲಿ ಎಂಬುದಷ್ಟೇ ಆಗಿನ ಲೆಕ್ಕ.

ಎರಡು ಮೂರು ವರ್ಷದ ಸಾಮಾನಿಗೆ ಯಾರೂ ದುಬಾರಿ ಅಚ್ಚು ಮಾಡಿಸುವುದಿಲ್ಲ. ಎರಡು ದಿಕ್ಕಿನಲ್ಲಿ ಬಾಗಿದ ತಗಡನ್ನು ಒಂದೇ ಏಟಿಗೆ ಒತ್ತಿ ತೆಗೆಯಲು ಭಾರೀ ಪ್ರೆಸ್ ಬೇಕು, ಅದಕ್ಕೆ ಉಕ್ಕಿನ ಗಂಡು ಹೆಣ್ಣು ಅಚ್ಚುಗಳು ಬೇಕು. ರೋವರ್ ಅದನ್ನು ಬಿಟ್ಟು, ಉಕ್ಕಿನ ಬದಲು ಬರ್ಮಬ್ರೈಟ್ ಎಂಬ ಅಲ್ಯೂಮಿನಿಯಂ-ಮೆಗ್ನೀಸಿಯಂ ಮಿಶ್ರಲೋಹದ ಹಾಳೆ ತೆಗೆದುಕೊಂಡು, ಆದಷ್ಟೂ ನೇರ ಗೆರೆಯಲ್ಲೇ ಮಡಿಸಿತು. ಚಾಸಿಯೂ ಹಾಗೆಯೇ: ನಾಲ್ಕು ಉಕ್ಕಿನ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ವೆಲ್ಡ್ ಮಾಡಿದರೆ ಪೆಟ್ಟಿಗೆಯಂಥ ಒಂದು ತೊಲೆ. ಇಷ್ಟುದ್ದ ವೆಲ್ಡಿಂಗ್ ಬಿದ್ದ ಲೋಹ ಆರುವಾಗ ತುಸುವಾದರೂ ಸೆಳೆದುಕೊಳ್ಳದೆ ಇರದು. ಅಂಥ ಚಾಸಿಯ ಮೇಲೆ ಮೈಯ ಭಾಗಗಳನ್ನು ಬಿಡಿಬಿಡಿಯಾಗಿ ಬೋಲ್ಟು ಹಾಕಿ ಕೂರಿಸಿದರು. ಎಂಜಿನ್ನಿಗೂ ಚಾಲಕನಿಗೂ ನಡುವಿನ ಗೋಡೆ, ಅಂದರೆ ಬಲ್ಕ್‌ಹೆಡ್, ಒಂದು; ಸೀಟಿನ ಕೆಳಗಿನ ಪೆಟ್ಟಿಗೆ ಇನ್ನೊಂದು; ಹಿಂದಿನ ತೊಟ್ಟಿ ಮತ್ತೊಂದು; ಮಡ್‌ಗಾರ್ಡು, ರೇಡಿಯೇಟರಿನ ಮುಂಗೋಡೆ, ಬಾನೆಟ್ ಎಲ್ಲ ಬೇರೆಬೇರೆ. ವಿಲ್ಲಿಸ್ ಜೀಪಿನ ಮೈ ಬೆಸೆದು ಒಂದೇ ತೊಟ್ಟಿಯಾಗಿತ್ತು. ಅದರ ಒಳ ಅಳತೆ ವೆಲ್ಡಿಂಗಿನ ಜೊತೆಗೇ ಗಟ್ಟಿಯಾಗಿ ನಿಂತುಬಿಡುತ್ತಿತ್ತು. ಲ್ಯಾಂಡ್ ರೋವರಿನಲ್ಲಿ ಬಾಗಿಲಿನ ಜಾಗ ಎಂದರೆ ಎರಡು ಬೇರೆ ಭಾಗಗಳ ನಡುವೆ ಉಳಿದ ಜಾಗ. 450 ಪೌಂಡಿನ ಮೊದಲ ಬೆಲೆಯಲ್ಲಿ ಬಾಗಿಲು ಸೇರಿರಲೂ ಇಲ್ಲ. ಬೇಕೆನ್ನುವವರು ಹೆಚ್ಚುವರಿ ಹಣ ಕೊಡಬೇಕಿತ್ತು. ಬಾಗಿಲನ್ನು ಆಮೇಲೆ ತಗುಲಿಸುವ ವಸ್ತುವೆಂದು ಎಣಿಸಿದ ಗಾಡಿಯಲ್ಲಿ ಅದರ ಸಂದನ್ನು ಕಾರ್ಖಾನೆ ಮಿಲಿಮೀಟರಿನ ಲೆಕ್ಕದಲ್ಲಿ ಕಾಯುತ್ತಿತ್ತು ಎಂದು ನಂಬುವುದು ಕಷ್ಟ.

ಈ ಜೋಡಣೆಯ ಕ್ರಮವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ನನ್ನ ವಾದದ ಬೇರು ಇರುವುದು ಅಲ್ಲಿ. 1958ರ ನಂತರದ, ಸೀರೀಸ್ ಎರಡು ಎಂದು ಹೆಸರಾದ ಗಾಡಿಯಲ್ಲಿ ಬಲ್ಕ್‌ಹೆಡ್ಡಿನ ಎರಡು ಕಾಲುಗಳು ಚಾಸಿಯಿಂದ ಹೊರಚಾಚಿದ ತೋಳುಗಳ ಮೇಲೆ ಒಂದೊಂದು ದಪ್ಪ ಬೋಲ್ಟಿನಿಂದ ನಿಲ್ಲುತ್ತವೆ. ಆ ಬೋಲ್ಟನ್ನು ಸಡಿಲ ಬಿಟ್ಟರೆ ಇಡೀ ಗೋಡೆ ತುಸು ಮುಂದಕ್ಕೂ ಹಿಂದಕ್ಕೂ ವಾಲುತ್ತದೆ. ಬಾಗಿಲ ಕೀಲುಗಳಿರುವುದು ಇದೇ ಗೋಡೆಯ ಕಂಬಕ್ಕೆ. ಗೋಡೆಯ ತಲೆ ಮುಂದಕ್ಕೆ ವಾಲಿತೆಂದರೆ ಬಾಗಿಲ ಹಿಂಬದಿ ಮೇಲೇಳುತ್ತದೆ, ಮೇಲಿನ ಸಂದು ಅಗಲವಾಗುತ್ತದೆ. ಹಿಂದಕ್ಕೆ ವಾಲಿದರೆ ಬಾಗಿಲು ಜೋತುಬಿದ್ದು ತೊಟ್ಟಿಗೆ ಉಜ್ಜುತ್ತದೆ. ಆದ್ದರಿಂದ ಕೆಲಸ ಬಲ್ಲವರು ಗಾಡಿಯನ್ನು ಸಮನೆಲದಲ್ಲಿ ಅದರ ಚಕ್ರಗಳ ಮೇಲೇ ನಿಲ್ಲಿಸಿ, ಗೋಡೆ, ತೊಟ್ಟಿ, ಸೀಟಿನ ಪೆಟ್ಟಿಗೆ ಮೂರನ್ನೂ ಬಿಗಿ ಮಾಡದೆ ಕೂರಿಸಿ, ಎರಡೂ ಬಾಗಿಲು ತೂಗುಹಾಕಿ, ಮೊದಲು ಸಂದು ನೋಡುತ್ತಾರೆ. ತೊಟ್ಟಿಯ ಕೆಳಗೆ ಒಂದು ತೆಳು ವಾಷರು ಸೇರಿಸುವುದು, ಕೀಲನ್ನು ಒಂದಿಷ್ಟು ಮೇಲೆತ್ತುವುದು, ಗೋಡೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುವುದು. ಬಾಗಿಲು ಕೈಯ ಬಲ ಬೇಡದೆ ಮುಚ್ಚಿಕೊಂಡಾಗ ಮಾತ್ರ ಬಿಗಿಯುವುದು. ಚಿಲಕ ಹಿಡಿಯುವ ತಟ್ಟೆಯ ತೂತು ಉದ್ದುದ್ದಕ್ಕೆ ಸೀಳಿದ್ದು. ಅದನ್ನು ಒಳಕ್ಕೆ ಹೊರಕ್ಕೆ ಸರಿಸಿದರೆ ಬಾಗಿಲು ರಬ್ಬರಿನ ಮೇಲೆ ಎಷ್ಟು ಒತ್ತಬೇಕೆಂಬುದು ತೀರ್ಮಾನವಾಗುತ್ತದೆ. ಮಡ್‌ಗಾರ್ಡು, ಬಾನೆಟ್ ಬರುವುದು ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಅವು ಗೋಡೆ ನಿಂತ ಹಾಗೆ ನಿಲ್ಲುತ್ತವೆ. ಅನೇಕರು ಇದನ್ನು ತಿರುವುಮುರುವು ಮಾಡುತ್ತಾರೆ: ಮುಂದಿನ ಭಾಗಗಳನ್ನು ಚೆಂದಕ್ಕೆ ಬಿಗಿದು, ಆಮೇಲೆ ಬಾಗಿಲು ಕೂರುವುದಿಲ್ಲವೆಂದು ಬಾಗಿಲನ್ನೇ ಕತ್ತರಿಸುತ್ತಾರೆ.

ಇದೆಲ್ಲ ಕಳಪೆ ಕೆಲಸಕ್ಕೆ ಕೊಟ್ಟ ಸಮರ್ಥನೆ ಎಂದು ಯಾರಾದರೂ ಹೇಳಬಹುದು. ಬ್ರಿಟಿಷ್ ಮೋಟಾರು ಉದ್ಯಮದ ಹೆಸರು ಕೆಟ್ಟದ್ದು ನಿಜ. 1967ರಲ್ಲಿ ರೋವರ್ ಲೇಲ್ಯಾಂಡ್ ಗುಂಪಿಗೆ ಸೇರಿತು, ಮರುವರ್ಷ ಅದು ಬ್ರಿಟಿಷ್ ಲೇಲ್ಯಾಂಡ್ ಆಯಿತು, ಎಪ್ಪತ್ತರ ದಶಕದಲ್ಲಿ ಗುಣಮಟ್ಟ ಕುಸಿಯಿತು. ಆ ಕಾಲದ ಗಾಡಿಗಳ ದೋಷವನ್ನು ವಿನ್ಯಾಸದ ಹೆಸರಲ್ಲಿ ಮುಚ್ಚಬಾರದು. ಆದರೆ ಸಂದಿನ ಏರುಪೇರು ಶುರುವಾದದ್ದು ಎಪ್ಪತ್ತರಲ್ಲಲ್ಲ, 1948ರಲ್ಲಿ. ಅದರ ಮರುವರ್ಷ, ಅದೇ ಸೋಲಿಹಲ್ಲಿನಲ್ಲಿ, ಅದೇ ಕಂಪನಿ ಪಿ4 ಎಂಬ ಕಾರನ್ನು ಹೊರತಂದಿತು. ವೈದ್ಯರೂ ಬ್ಯಾಂಕ್ ಮ್ಯಾನೇಜರರೂ ಕೊಳ್ಳುತ್ತಿದ್ದ ಗಂಭೀರವಾದ ಕಾರು ಅದು. ಬಾಗಿಲು ಮುಚ್ಚಿಕೊಳ್ಳುವ ಅಂದಕ್ಕೇ ಅದನ್ನು ಹೊಗಳುವವರು ಇಂದಿಗೂ ಇದ್ದಾರೆ. ಆ ಕಾರಿನ ಬಾಗಿಲು, ಬಾನೆಟ್, ಡಿಕ್ಕಿಯ ಮುಚ್ಚಳ ಬಹಳ ವರ್ಷ ಇದೇ ಬರ್ಮಬ್ರೈಟಿನಿಂದಲೇ ಆದವು. ಲೋಹ ಒಂದೇ, ಊರು ಒಂದೇ, ಕಂಪನಿ ಒಂದೇ. ಆದರೂ ಒಂದರ ಸಂದು ಸಮ, ಇನ್ನೊಂದರದು ಅಲ್ಲ. ಹಾಗಾದರೆ ವ್ಯತ್ಯಾಸವನ್ನು ಕೆಲಸಗಾರರ ಕೈಯಲ್ಲಿ ಹುಡುಕಿ ಫಲವಿಲ್ಲ. ಗಾಡಿಯಿಂದ ಏನನ್ನು ಬಯಸಿದರು ಎಂಬುದರಲ್ಲಿ ಹುಡುಕಬೇಕು. ಸಂದನ್ನು ಸಮಮಾಡುವ ಶ್ರಮಕ್ಕೆ ಕಾರಿನ ಬೆಲೆಯಲ್ಲಿ ಜಾಗವಿತ್ತು, ರೈತನ ಗಾಡಿಯ ಬೆಲೆಯಲ್ಲಿ ಇರಲಿಲ್ಲ.

ಇದಕ್ಕೆ ಇನ್ನೊಂದು ಪುರಾವೆ ಕಂಪನಿಯ ಸ್ವಂತ ಪ್ರಯತ್ನದಲ್ಲೇ ಇದೆ. 1949ರಲ್ಲಿ ಲ್ಯಾಂಡ್ ರೋವರಿನ ಚಾಸಿಯ ಮೇಲೆ ಟಿಕ್‌ಫರ್ಡ್ ಎಂಬ ಹೆಸರಾಂತ ಬಾಡಿ ಬಿಲ್ಡರ್‌ಗಳಿಂದ ಮರದ ಚೌಕಟ್ಟಿನ ಸ್ಟೇಷನ್ ವ್ಯಾಗನ್ ಮಾಡಿಸಿದರು. ಕುಶಲಿಗರು ಕೈಯಲ್ಲಿ ಕಟ್ಟಿದ, ನಯವಾದ ಮೈ. ಬೆಲೆ ಏರಿತು, ಖಾಸಗಿ ಕಾರಿನ ತೆರಿಗೆಯೂ ಮೇಲೆ ಬಿತ್ತು. ಏಳುನೂರಕ್ಕಿಂತ ಕಡಿಮೆ ಗಾಡಿಗಳಾಗಿ 1951ಕ್ಕೆ ನಿಂತುಹೋಯಿತು. ಮುಂದೆ ಐವತ್ತರ ದಶಕದ ನಡುವೆ ಬಂದ ಸ್ಟೇಷನ್ ವ್ಯಾಗನ್ ಮತ್ತೆ ತಗಡು ಬೋಲ್ಟಿನದೇ. ಅದು ದಶಕಗಟ್ಟಲೆ ಬಾಳಿತು.

ಬೋಲ್ಟಿನ ಮೈಗೆ ಸಿಕ್ಕ ದೊಡ್ಡ ಫಲ ರಫ್ತಿನಲ್ಲಿ ಕಾಣುತ್ತದೆ. ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಹಡಗಿಗೆ ಹಾಕಿದರೆ, ಆ ಕಡೆಯ ಬಂದರಿನ ಊರಿನಲ್ಲಿ ಸ್ಪ್ಯಾನರು ಹಿಡಿಯಬಲ್ಲವರು ಗಾಡಿ ಜೋಡಿಸಬಹುದಿತ್ತು. ಅಳತೆ ತುಸು ತಪ್ಪಿದರೆ ಸರಿಮಾಡಿಕೊಳ್ಳಲು ತೂತುಗಳಲ್ಲೂ ವಾಷರುಗಳಲ್ಲೂ ಎಡೆ ಇತ್ತು. 1952ರಿಂದ ಬೆಲ್ಜಿಯಂನ ಆಂಟ್ವರ್ಪಿನಲ್ಲಿ ಮಿನರ್ವಾ ಕಂಪನಿ ತನ್ನ ದೇಶದ ಸೈನ್ಯಕ್ಕಾಗಿ ಈ ಗಾಡಿಗಳನ್ನು ಕಟ್ಟಿತು. ಮೈಯನ್ನು ಮಾತ್ರ ಅಲ್ಯೂಮಿನಿಯಂ ಬಿಟ್ಟು ಉಕ್ಕಿನಲ್ಲಿ ಮಾಡಿ, ಮುಂದಿನ ಮಡ್‌ಗಾರ್ಡಿಗೆ ಇಳಿಜಾರಿನ ರೂಪ ಕೊಟ್ಟಿತು. ಜರ್ಮನಿಯಲ್ಲಿ ಟೆಂಪೊ, ಸ್ಪೇನಿನ ಲಿನಾರೆಸ್‌ನಲ್ಲಿ ಸಾಂತಾನಾ ಕಂಪನಿಗಳೂ ಇದನ್ನು ತಮ್ಮ ತಮ್ಮ ರೀತಿಯಲ್ಲಿ ಕಟ್ಟಿದವು. ಲೋಹ ಬದಲಾಗಿ, ತಗಡಿನ ಆಕಾರ ಬದಲಾಗಿ, ಭಾಷೆ ಬದಲಾಗಿಯೂ ಗಾಡಿ ಗಾಡಿಯಾಗಿಯೇ ನಿಂತಿತು. ಅಚ್ಚಿನ ಬಿಗಿ ಅಳತೆಗೆ ಕಟ್ಟುಬಿದ್ದ ಮೈಯಾಗಿದ್ದರೆ ಇದು ಇಷ್ಟು ಸುಲಭದಲ್ಲಿ ಆಗುತ್ತಿರಲಿಲ್ಲ. 1966ಕ್ಕೆ ಐದು ಲಕ್ಷ, 1976ಕ್ಕೆ ಹತ್ತು ಲಕ್ಷ ಗಾಡಿಗಳಾದವು. ಎರಡು ಮೂರು ವರ್ಷಕ್ಕೆಂದು ಹೊರಟ ಸಾಮಾನು ಅದು.

ಆದರೂ ಟೊಯೋಟ ಏಕೆ ಗೆದ್ದಿತು ಎಂಬ ಪ್ರಶ್ನೆ ಉಳಿಯುತ್ತದೆ, ಅದು ಹಗುರವಾದ ಪ್ರಶ್ನೆಯಲ್ಲ. ಉಕ್ಕನ್ನು ಒತ್ತಿ ಮಾಡಿದ ಮೈಯ ಟೊಯೋಟ ಲ್ಯಾಂಡ್ ಕ್ರೂಸರ್ ಐವತ್ತರ ದಶಕದ ಕೊನೆಗೆ ಆಸ್ಟ್ರೇಲಿಯದ ಸ್ನೋಯಿ ಪರ್ವತಗಳ ಅಣೆಕಟ್ಟು ಕೆಲಸಕ್ಕೆ ಇಳಿದು, ಮುಂದಿನ ಎರಡು ದಶಕಗಳಲ್ಲಿ ಅಲ್ಲೂ ಆಫ್ರಿಕದಲ್ಲೂ ಲ್ಯಾಂಡ್ ರೋವರಿನ ಮಾರುಕಟ್ಟೆಯ ದೊಡ್ಡ ಪಾಲು ಕಸಿದುಕೊಂಡಿತು. ಅದರ ಬಾಗಿಲು ಚೆನ್ನಾಗಿ ಕೂರುತ್ತಿತ್ತು, ಧೂಳು ಕಡಿಮೆ ನುಗ್ಗುತ್ತಿತ್ತು. ಇದನ್ನು ಒಪ್ಪಲೇಬೇಕು. ಆದರೆ ಕೊಳ್ಳುವವರು ಟೊಯೋಟ ಕಡೆ ತಿರುಗಿದ್ದು ಬಾಗಿಲ ಸಂದಿಗಾಗಿ ಅಲ್ಲ. ಲ್ಯಾಂಡ್ ರೋವರಿನ ಹಿಂದಿನ ಚಕ್ರ ತಿರುಗಿಸುವ ಹಾಫ್ ಶಾಫ್ಟು ಭಾರಕ್ಕೆ ಮುರಿಯುತ್ತಿತ್ತು, ಎಂಜಿನ್ನಿನ ಬಲ ಸಾಲುತ್ತಿರಲಿಲ್ಲ, ಕಾಯ್ದಿರಿಸಿದ ಗಾಡಿ ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಜಪಾನಿನ ಗಾಡಿಗೆ ದೊಡ್ಡ ಆರು ಸಿಲಿಂಡರಿನ ಎಂಜಿನ್ನಿತ್ತು. ಮೈಯ ವಿಷಯಕ್ಕೆ ಬಂದರೆ ಕಾಲ ಬೇರೆ ತೀರ್ಪು ಕೊಟ್ಟಿದೆ: ಆ ಕಾಲದ ಲ್ಯಾಂಡ್ ಕ್ರೂಸರಿನ ಉಕ್ಕಿನ ತಗಡು ಉಪ್ಪಿನ ದಾರಿಗಳಲ್ಲಿ ತುಕ್ಕು ಹಿಡಿದು ಉದುರಿತು. ಅಲ್ಯೂಮಿನಿಯಂ ಮೈಯೂ ಪೂರ್ತಿ ಪಾರಾಗಲಿಲ್ಲ. ಬಾಗಿಲಿನ ಒಳಚೌಕಟ್ಟು ಉಕ್ಕು, ಹೊರತೊಗಲು ಅಲ್ಯೂಮಿನಿಯಂ. ಎರಡು ಲೋಹ ತಾಗುವಲ್ಲಿ ನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಆದರೆ ಕೆಟ್ಟ ಭಾಗವೊಂದನ್ನೇ ಬಿಚ್ಚಿ ಬೇರೆ ಹಾಕಬಹುದು. ಇಡೀ ಮೈಯನ್ನು ಕೊಯ್ಯಬೇಕಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಇಂದು ನಮಗೆ ಕಾಣುವ ಸೊಟ್ಟ ಸಂದು 1948ರದ್ದೋ 1958ರದ್ದೋ ಅಲ್ಲ, ಆಮೇಲಿನ ತುಕ್ಕಿನದು, ಗುದ್ದಿದ್ದರದು, ಕೆಟ್ಟ ರಿಪೇರಿಯದು. ಅದನ್ನು ಚರಿತ್ರೆ ಎಂದು ಪೂಜಿಸುವುದೇಕೆ ಎಂಬುದು. ಇದರಲ್ಲಿ ಹುರುಳಿದೆ. ಬಲ್ಕ್‌ಹೆಡ್ಡಿನ ಕಾಲು ಕೊಳೆತು ಗೋಡೆ ಕುಸಿದಿದ್ದರೆ, ಚಾಸಿಯ ನಡು ಜಗ್ಗಿ ಬಾಗಿಲ ಮೇಲ್ಸಂದು ಮುಚ್ಚಿಕೊಂಡಿದ್ದರೆ, ಅದನ್ನು ಹಾಗೇ ಬಿಡುವುದು ಅಪಾಯ. ಸರಿಪಡಿಸಬೇಕು. ಆದರೆ ಎಲ್ಲಿ ಸರಿಪಡಿಸಬೇಕು ಎಂಬುದು ಮುಖ್ಯ. ದೋಷ ಇರುವುದು ಆಧಾರದಲ್ಲಿ; ಕಾಲನ್ನು, ತೋಳನ್ನು, ವಾಷರನ್ನು ಸರಿಮಾಡಿದರೆ ಸಂದು ತಾನಾಗಿ ವಿನ್ಯಾಸ ಒಪ್ಪುವಷ್ಟು ಸಮಕ್ಕೆ ಬರುತ್ತದೆ. ಅದಕ್ಕೂ ಮೀರಿ ಉಳಿದ ಒಂದೆರಡು ಮಿಲಿಮೀಟರ್ ಆ ಗಾಡಿಯದೇ ಹುಟ್ಟುಗುಣ. ಅದನ್ನು ಅಳಿಸಲು ಹಳೆಯ ತಗಡಿಗೆ ಪುಟ್ಟಿ ಮೆತ್ತುವವರು ಕೊಳೆತ ಕಾಲನ್ನು ಹಾಗೇ ಬಿಟ್ಟು ಅದರ ಲಕ್ಷಣವನ್ನು ಮಾತ್ರ ಮುಚ್ಚುತ್ತಾರೆ. ಗಾಡಿ ನಾಲ್ಕು ಹಳ್ಳ ಹಾರಿದ ಮೇಲೆ ಪುಟ್ಟಿ ಬಿರುಕು ಬಿಡುತ್ತದೆ. ತಯಾರಿಸಿದ ಕಂಪನಿಯೇ ಈ ವಿವೇಕ ತೋರಿಸಿದೆ. ಆಮ್‌ಸ್ಟರ್‌ಡ್ಯಾಂ ಪ್ರದರ್ಶನದಲ್ಲಿ ನಿಂತಿದ್ದ ಮಾದರಿ ಗಾಡಿ ಸೋಲಿಹಲ್ಲಿನಿಂದ ಕೆಲವೇ ಮೈಲಿ ದೂರದ ಒಂದು ಮನೆಯ ತೋಟದಲ್ಲಿ ಪತ್ತೆಯಾಯಿತು. 2018ರಲ್ಲಿ ಅದರ ಜೀರ್ಣೋದ್ಧಾರಕ್ಕೆ ಕೈ ಹಾಕಿದಾಗ, ಮೂಲ ತಗಡುಗಳ ಮೇಲಿನ ಕಾಲದ ಗುರುತನ್ನು ಉಳಿಸಿಕೊಳ್ಳುತ್ತೇವೆ ಎಂದು ಕಂಪನಿ ಮೊದಲೇ ಸಾರಿತು.

ಬಾಗಿಲನ್ನು ಕೈಯಿಂದ ಹೊಂದಿಸಿ ಕೂರಿಸುವ ಈ ವಿದ್ಯೆ ನಮ್ಮ ಕರ್ನಾಟಕದಲ್ಲಿ ಬೆಳೆದದ್ದು ಲ್ಯಾಂಡ್ ರೋವರಿಗಿಂತ ಹೆಚ್ಚಾಗಿ ಜೀಪಿನ ಮೇಲೆ. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ಜೋಡಿಸಲು ತೊಡಗಿದ ವಿಲ್ಲಿಸ್ ಜೀಪಿನ ಸಂತಾನವೇ ಕೊಡಗಿನ ಕಾಫಿ ತೋಟಗಳಲ್ಲಿ ದುಡಿದದ್ದು, ಕೊಡಚಾದ್ರಿಯ ಏರು ಹತ್ತಿದ್ದು. ಅದಕ್ಕೆ ಕ್ಯಾನ್ವಾಸ್ ಬಾಗಿಲೇ ರೂಢಿ. ಮಲೆನಾಡಿನ ಮಳೆಗೆ ತಗಡಿನ ಬಾಗಿಲು, ತಗಡಿನ ಮಾಡು ಕೂರಿಸಿಕೊಟ್ಟವರು ನಮ್ಮ ಟಿಂಕರುಗಳು. ಒಂದೊಂದು ಗಾಡಿಗೂ ಅಳತೆ ಬೇರೆ ತೆಗೆದು, ಆ ಗಾಡಿಗೇ ಆಗುವಂತೆ ಬಾಗಿಲು ಕಟ್ಟಿದವರು ಅವರು. ಈ ಜೀಪುಗಳೂ ಈಗ ಗುಜರಿಗೆ ಹೋಗುತ್ತಿವೆ, ಇಲ್ಲವೇ ಹೊಳಪಿನ ಬಣ್ಣ ಬಳಿಸಿಕೊಂಡು ಪ್ರದರ್ಶನಕ್ಕೆ ಬರುತ್ತಿವೆ. ಅಂಥದೊಂದನ್ನು ಬಿಚ್ಚಿಸಲು ಹೊರಟಿರುವವರಲ್ಲಿ ಒಂದು ಕೋರಿಕೆ: ಬೋಲ್ಟಿಗೆ ಸ್ಪ್ಯಾನರು ಹಾಕುವ ಮೊದಲು ಬಾಗಿಲ ಸಂದನ್ನು ಮೇಲೆ, ನಡುವೆ, ಕೆಳಗೆ ಅಳೆದು ಬರೆದಿಟ್ಟುಕೊಳ್ಳಿ, ಫೋಟೊ ತೆಗೆಸಿ, ಯಾವ ಬೋಲ್ಟಿನ ಕೆಳಗೆ ಎಷ್ಟು ವಾಷರು ಸಿಕ್ಕಿತೆಂದು ಚೀಟಿ ಕಟ್ಟಿ, ಕೈಯಲ್ಲಿ ಮಾಡಿದ ಹಳೆಯ ಬಾಗಿಲನ್ನು ಗುಜರಿಗೆ ಹಾಕಬೇಡಿ.